ಅಟ್ಟದಿಂದ ಬಿದ್ದ ಕಾಯಿ

ನಮ್ಮ ಮನೆಯಲ್ಲಿ ‘ಲಾಯರಮ್ಮ’ ಎನ್ನುವುದು ಒಂದು ಬೈಗುಳವಾಗಿತ್ತು. ಎದುರು ಮಾತಾಡಿದರೆ ಲಾಯರಮ್ಮ, ಕೇಳಿದ ಪ್ರಶ್ನೆಗೆ ತಿರುಗಿ ಪ್ರಶ್ನೆ ಹಾಕಿದರೆ ಲಾಯರಮ್ಮ, ಏಟು ಬೀಳುವ ಮುಂಚೆ ‘ಯಾಕೆ’ ಅಂದುಬಿಟ್ಟರಂತೂ ಲಾಯರಮ್ಮನಿಗೆ ಇನ್ನೆರಡು ಹೆಚ್ಚು. ಈಗ ತಿಪಟೂರಿನಲ್ಲಿ, ಝೆರಾಕ್ಸ್ ಅಂಗಡಿಯ ಮೇಲಿನ ನನ್ನ ಆಫೀಸಿನ ಬೋರ್ಡಿನಲ್ಲಿ ನನ್ನ ಪೂರ್ತಿ ಹೆಸರಿದೆ. ಆದರೂ ಸೆರಗಿನಲ್ಲಿ ಮುಖ ಒರೆಸಿಕೊಂಡು ಮೆಟ್ಟಿಲು ಹತ್ತುವ ಹೆಂಗಸರು ಕೇಳುವುದು ‘ಲಾಯರಮ್ಮ ಅವ್ರಾ?’ ಅಂತಲೇ. ವಿಚ್ಛೇದನ, ಜೀವನಾಂಶ, ಮಗು ಯಾರ ಹತ್ತಿರ ಇರಬೇಕು ಎಂಬ ಜಗಳ, ಇಷ್ಟೇ ನನ್ನ ಕಸುಬು. ಹೊಸದಾಗಿ ಸೇರಿದ ಜೂನಿಯರ್‌ಗಳು ಒಂದು ದಿನ ಅಲ್ಲದಿದ್ದರೆ ಇನ್ನೊಂದು ದಿನ ಕೇಳಿಯೇ ಕೇಳುತ್ತಾರೆ, ಜಮೀನಿನ ಕೇಸು ಬಿಟ್ಟು ಈ ಗಂಡಹೆಂಡಿರ ರಗಳೆಗೆ ಯಾಕೆ ಬಿದ್ರಿ ಮೇಡಂ ಅಂತ. ತುಮಕೂರಿನಲ್ಲಿ ಕಾನೂನು ಓದಿದ್ದು, ಸೀನಿಯರ್ ಒಬ್ಬರ ಕೈಕೆಳಗೆ ಬದು-ಬೇಲಿಯ ವ್ಯಾಜ್ಯಗಳಿಗೆ ವಾಯಿದೆ ಕೇಳಿ ಕೇಳಿ ಬೇಸತ್ತದ್ದು, ಆ ಸೀನಿಯರ್ ಒಂದು ದಿನ ‘ಹೆಂಗಸರ ಕೇಸು, ನೀನೇ ನೋಡ್ಕೊ’ ಎಂದು ಒಂದು ಫೈಲನ್ನು ನನ್ನ ಕಡೆ ತಳ್ಳಿದ್ದು, ಇಷ್ಟು ಹೇಳಿ ಮಾತು ತೇಲಿಸುತ್ತೇನೆ. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ನಾನು ಮೊದಲು ಓದಿದ ಲಾ ಕಾಲೇಜು ಹಾಲ್ಕುರಿಕೆಯ ಆಚೆ ಇದ್ದ ಒಂದು ನಾಡಹೆಂಚಿನ ಮನೆ.

ಆ ಮನೆಯನ್ನು ಹೇಳಬೇಕೆಂದರೆ ಅಟ್ಟದಿಂದ ಶುರು ಮಾಡಬೇಕು. ನಡುಮನೆಯ ತಲೆಯ ಮೇಲೆ, ಹೆಂಚಿನ ಕೆಳಗೆ, ದಪ್ಪ ತೊಲೆಗಳ ಮೇಲೆ ಬಿದಿರಿನ ದಬ್ಬೆಗಳನ್ನು ಸಂದು ಬಿಟ್ಟು ಜೋಡಿಸಿದ್ದರು. ಒಂದು ಮೂಲೆಯಲ್ಲಿ ಏಣಿ ಹತ್ತಿ ಹೋಗುವಷ್ಟು ಚೌಕದ ಕಿಂಡಿ. ತೋಟದಿಂದ ಬಂದ ಬಲಿತ ಕಾಯಿಗಳು ಸಿಪ್ಪೆ ಸಮೇತ ಆ ಕಿಂಡಿಯಿಂದ ಮೇಲೇರಿದರೆ ಹೆಚ್ಚುಕಡಿಮೆ ವರ್ಷವಿಡೀ ಅಲ್ಲೇ ಬಿದ್ದಿರುತ್ತಿದ್ದವು. ಕೆಳಗಿನ ಒಲೆಯ ಹೊಗೆ, ಮೇಲಿನ ಹೆಂಚಿನ ಕಾವು ಎರಡನ್ನೂ ಕುಡಿದು, ಒಳಗಿನ ನೀರು ಇಂಗಿ, ತಿರುಳು ಕರಟ ಬಿಟ್ಟು ಉಂಡೆ ಕೊಬ್ಬರಿಯಾಗಬೇಕು. ಆಗಿದೆಯೋ ಇಲ್ಲವೋ ಎಂದು ಕಣ್ಣಿಗೆ ತಿಳಿಯುವುದಿಲ್ಲ, ಕಿವಿಗೆ ತಿಳಿಯುತ್ತದೆ. ಕಾಯಿಯನ್ನು ಕಿವಿಯ ಪಕ್ಕ ಹಿಡಿದು ಅಲ್ಲಾಡಿಸಿದರೆ ಒಳಗೆ ಲೊಡಲೊಡ ಅನ್ನಬೇಕು. ಸದ್ದಿಲ್ಲದಿದ್ದರೆ ಅದಿನ್ನೂ ಹಸಿ, ಭಾರ. ಈ ಕಿವಿಯ ಕೆಲಸ ನಮ್ಮ ಮನೆಯಲ್ಲಿ ಅಪ್ಪನ ತಾಯಿಯದು. ಅಜ್ಜಿ ಕಂಬಕ್ಕೆ ಒರಗಿ ಕಾಲು ಚಾಚಿ ಕೂತು ಅಲ್ಲಾಡಿಸುತ್ತಿದ್ದರೆ ನಾನೂ ಪಕ್ಕದಲ್ಲಿ ಕೂತು ಅಲ್ಲಾಡಿಸಿ ಕಲಿತೆ. ಇವತ್ತಿಗೂ ಅಂಗಡಿಯಲ್ಲಿ ಕಾಯಿ ಕೊಂಡರೆ ಕೈ ತಾನಾಗಿ ಕಿವಿಗೆ ಹೋಗುತ್ತದೆ.

ಅಟ್ಟ ತುಂಬಿದಾಗ ಮನೆ ಸುಮ್ಮನಿರುತ್ತಿರಲಿಲ್ಲ. ಇಲಿಯೊಂದು ಓಡಿದರೆ ಸಾಕು, ಮೇಲೆ ಕಾಯಿಗಳು ಗುಡುಗುಡು ಉರುಳಿ, ಎಂದೋ ಒಂದು ಸಲ ಒಂದು ಕಾಯಿ ಕಿಂಡಿಯಿಂದ ದೊಪ್ಪನೆ ನಡುಮನೆಗೆ ಬೀಳುತ್ತಿತ್ತು. ಆ ಒಂದು ಕಾಯಿಯ ಹೆಸರಿನಲ್ಲಿ ನಮ್ಮ ಮನೆಯಲ್ಲಿ ಏನೇನೆಲ್ಲ ನಡೆದುಹೋಯಿತು! ಅಮ್ಮನ ಹುಬ್ಬು ಒಡೆದರೆ ಅಟ್ಟದಿಂದ ಕಾಯಿ ಬಿತ್ತು. ಭುಜ ಊದಿಕೊಂಡರೆ ಅಟ್ಟದಿಂದ ಕಾಯಿ ಬಿತ್ತು. ಬಾವಿಕಟ್ಟೆಯಲ್ಲಿ ಯಾರಾದರೂ ತುಟಿ ನೋಡಿ ‘ಏನೇ ಅದು’ ಎಂದರೆ ಅಮ್ಮ ಬಿಂದಿಗೆಯ ಕಡೆ ನೋಡುತ್ತಾ ಅದೇ ಮಾತು ಹೇಳುತ್ತಿದ್ದಳು. ಕೇಳಿದವರು ‘ನಮ್ಮನೇಲೂ ಮೊನ್ನೆ ಬಿತ್ತು ಕಣೇ’ ಎಂದು ಹಗ್ಗ ಇಳಿಬಿಡುತ್ತಿದ್ದರು. ಊರಿಗೆ ಊರೇ ಅಟ್ಟವನ್ನು ದೂರಿಕೊಂಡು ಬದುಕಿತ್ತು. ಆ ಮಾತನ್ನು ಅಮ್ಮನಿಗೆ ಹೇಳಿಕೊಟ್ಟವಳು ಅಜ್ಜಿಯೇ. ಅಜ್ಜಿಯ ಎಡಕಿವಿಯ ಹಾಲೆ ಓಲೆಯ ಸಮೇತ ಹರಿದು ಎರಡು ಸೀಳಾಗಿತ್ತು, ತಾತನ ಕಾಲದ್ದು. ಅಪ್ಪ ಅಮ್ಮನನ್ನು ಹೊಡೆಯುವಾಗ ಅವಳು ಬಿಡಿಸಲು ಏಳುತ್ತಿರಲಿಲ್ಲ. ಮೊರದಲ್ಲಿ ರಾಗಿ ಹಸನು ಮಾಡುತ್ತಲೇ ಇರುತ್ತಿದ್ದಳು. ಎಲ್ಲ ಮುಗಿದು ಅಪ್ಪ ಜಗಲಿಗೆ ಹೋಗಿ ಬೀಡಿ ಹಚ್ಚಿದ ಮೇಲೆ ಅರಿಶಿನದ ಬಟ್ಟಲು ಹಿಡಿದು ಬರುತ್ತಿದ್ದಳು.

ಅಪ್ಪ ಕುಡುಕನಲ್ಲ. ನನ್ನ ಆಫೀಸಿಗೆ ಬರುವವರು ‘ಕುಡಿದಾಗ ಮಾತ್ರ ಮೇಡಂ, ಇಲ್ಲಾಂದ್ರೆ ದೇವ್ರಂಥೋನು’ ಎನ್ನುವಾಗ ನನಗೆ ಆ ನೆಪವೂ ಇರಲಿಲ್ಲವಲ್ಲ ಅನ್ನಿಸುತ್ತದೆ. ಬೆಳಿಗ್ಗೆ ಮಿಂದು ವಿಭೂತಿ ಧರಿಸಿ ಪೂಜೆ ಮುಗಿಸದೆ ಒಂದು ಲೋಟ ಕಾಫಿಯನ್ನೂ ಮುಟ್ಟದ ಮನುಷ್ಯ. ದನಗಳ ಮೇಲೆ ಒಂದು ದಿನವೂ ಕೋಲು ಎತ್ತಿದ್ದನ್ನು ನಾನು ನೋಡಿಲ್ಲ. ಆದರೆ ಸಾರು ಆರಿದ್ದರೆ ತಟ್ಟೆ ಅಮ್ಮನ ಮುಖಕ್ಕೆ. ಮುದ್ದೆಯಲ್ಲಿ ಗಂಟು ಸಿಕ್ಕರೆ ಸುಡುಸುಡುವ ಮುದ್ದೆಯನ್ನೇ ಅವಳ ಅಂಗೈಯಲ್ಲಿಟ್ಟು ಮುಷ್ಟಿ ಬಿಗಿ ಹಿಡಿಯುತ್ತಿದ್ದ. ಹೊಡೆಯುವಾಗ ಕೂಗಾಡುತ್ತಿರಲಿಲ್ಲ. ಮೆತ್ತಗೆ, ಯಾರಿಗೋ ಲೆಕ್ಕ ಹೇಳಿಕೊಡುವವನ ಹಾಗೆ ಮಾತಾಡುತ್ತಾ ಹೊಡೆಯುತ್ತಿದ್ದ. ಆ ಮೆತ್ತಗಿನ ದನಿಯನ್ನು ನಾನು ಈಗಲೂ ಕೋರ್ಟಿನಲ್ಲಿ ಗುರುತು ಹಿಡಿಯುತ್ತೇನೆ. ಪಾಟೀಸವಾಲಿಗೆ ನಿಂತ ಗಂಡ ತೀರ ವಿನಯವಾಗಿ ಉತ್ತರ ಕೊಡತೊಡಗಿದರೆ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ಆ ವರ್ಷ ಅಟ್ಟ ಖಾಲಿ ಮಾಡಿಸಿ, ಕಾಯಿ ಸುಲಿಸಿ, ಕರಟ ಒಡೆಸಿದಾಗ ಕೆಟ್ಟ ಕೊಬ್ಬರಿ ಬಹಳ ಬಂತು. ಒಡೆದ ಕರಟದಿಂದ ಬೆಳ್ಳನೆ ಉಂಡೆಯ ಬದಲು ಕಂದುಬಣ್ಣದ, ಹುಳಿ ನಾರುವ ತಿರುಳು. ಹಿಂದಿನ ಮಳೆಗಾಲದಲ್ಲಿ ಹೆಂಚು ಜರುಗಿ ಸೋರಿತ್ತು, ಹೆಂಚು ತಿರುವಿ ಹಾಕಿಸು ಎಂದು ಅಮ್ಮ ಹೇಳಿಯೂ ಇದ್ದಳು. ಅವಳ ತಪ್ಪಾಗಿದ್ದೂ ಅದೇ, ಮೊದಲೇ ಹೇಳಿದ್ದು. ಒಡೆಯುವವರು ಕೂಲಿ ತೆಗೆದುಕೊಂಡು ಹೋಗುವ ತನಕ ಅಪ್ಪ ತಡೆದುಕೊಂಡಿದ್ದ. ಆಮೇಲೆ ಬಾಗಿಲು ಮುಂದೆ ಮಾಡಿ, ಒಲೆಗೆಂದು ತಂದಿಟ್ಟಿದ್ದ ತೆಂಗಿನ ಗರಿಯ ಬುಡವನ್ನು ಕೈಗೆ ತೆಗೆದುಕೊಂಡ. ಒಣಗಿದ ಆ ಬುಡದ ಅಂಚು ಗರಗಸದಂತಿರುತ್ತದೆ. ‘ನೀನು ಅಂದಿದ್ದೆ ಅಲ್ವಾ, ಅಂದಿದ್ದೆ ಅಲ್ವಾ’ ಎಂದು ಕೇಳುತ್ತಾ ಮೊದಲು ಬೆನ್ನಿಗೆ, ಆಮೇಲೆ ತಡೆಯಲು ಎತ್ತಿದ ಕೈಗಳಿಗೆ, ಆಮೇಲೆ ತಲೆಗೆ. ಅಮ್ಮ ಕೆಟ್ಟ ಕೊಬ್ಬರಿಯ ರಾಶಿಯ ಮೇಲೆ ಬಿದ್ದಳು. ನಾನು ಅವನ ಕಾಲು ಕಚ್ಚಿದೆ. ಒದ್ದ ರಭಸಕ್ಕೆ ಕಂಬಕ್ಕೆ ಬಡಿದು ನನ್ನದೊಂದು ಹಲ್ಲು ಹೋಯಿತು, ಪುಣ್ಯಕ್ಕೆ ಹಾಲುಹಲ್ಲು. ಅಮ್ಮನ ಕೂದಲಿನೊಳಗಿಂದ ರಕ್ತ ಇಳಿದು ಕೊಬ್ಬರಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಅಪ್ಪ ಅದನ್ನು ನೋಡಿ, ‘ಇದೂ ಹಾಳಾಯ್ತು’ ಎಂದ.

ಪಕ್ಕದ ಮನೆಯವರು ಅವಳನ್ನು ತಿಪಟೂರಿನ ಆಸ್ಪತ್ರೆಗೆ ಸಾಗಿಸಿದರು. ಡಾಕ್ಟರು ತಲೆಗೆ ಹೊಲಿಗೆ ಹಾಕುತ್ತಾ ಏನಾಯಿತು ಎಂದು ಕೇಳಿದರೆ ಅವಳು ಹೇಳಿದ್ದು ಗೊತ್ತೇ ಇದೆ. ಸುದ್ದಿ ಮುಟ್ಟಿ ದಂಡಿನಶಿವರದ ಕಡೆಯಿಂದ ಸೋದರಮಾವ ಬಂದ. ತಂಗಿಯನ್ನು ಕರೆದುಕೊಂಡು ಹೋಗಲೇ ಬಂದವನು. ಆದರೆ ಊರ ಯಜಮಾನರು ಅವನನ್ನು ತಡೆದರು. ನ್ಯಾಯ ಸೇರಿಸೋಣ, ಹೊಡೆದಿದ್ದಾನೆಂದು ನಿನ್ನ ತಂಗಿ ತಾನೇ ಬಾಯಿಬಿಟ್ಟು ಹೇಳಲಿ, ನಾವೇ ನಿಂತು ಕಳಿಸಿಕೊಡುತ್ತೇವೆ ಎಂದರು. ಹೇಳದಿದ್ದರೆ ಅವಳು ಇಲ್ಲೇ ಇರಬೇಕು. ಅಮ್ಮ ಆ ಮನೆಯಿಂದ ಜೀವಂತ ಹೊರಬೀಳುವುದು ಅವಳದೇ ಒಂದು ಮಾತಿನ ಮೇಲೆ ನಿಂತಿತ್ತು. ಜಗಲಿಯ ಮೇಲೆ ಕಂಬಳಿ ಹಾಸಿದರು. ಯಜಮಾನರು, ಊರಿನ ನಾಲ್ಕಾರು ಹಿರಿಯರು, ಒಂದು ಕಡೆ ಮಾವ, ಇನ್ನೊಂದು ಕಡೆ ಹಣೆತುಂಬ ವಿಭೂತಿಯ ಅಪ್ಪ. ಅಮ್ಮ ಬಾಗಿಲ ಸಂದಿಯಲ್ಲಿ, ಬ್ಯಾಂಡೇಜಿನ ಮೇಲೆ ಸೆರಗು ಹೊದ್ದು ನಿಂತಿದ್ದಳು. ನಾನು ಅವಳ ಸೀರೆ ಹಿಡಿದಿದ್ದೆ.

“ಹೇಳವ್ವ, ಯಾರೂ ನಿಂಗೇನೂ ಮಾಡಕಿಲ್ಲ. ಏಟು ಹೆಂಗಾಯ್ತು?” ಯಜಮಾನರು ಕೇಳಿದರು.

ಅಮ್ಮ ಅಪ್ಪನ ಕಡೆ ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ. ಅವನು ನನ್ನನ್ನೇ ನೋಡುತ್ತಿದ್ದ, ಅದು ಅವಳಿಗೆ ಗೊತ್ತಿತ್ತು.

“ಅಟ್ಟದಿಂದ ಕಾಯಿ ಬಿತ್ತು ಸ್ವಾಮಿ.”

ಮಾವ ತಲೆ ತಗ್ಗಿಸಿದ. ಹಿರಿಯರೊಬ್ಬರು ಎಲೆಯಡಿಕೆಗೆ ಸುಣ್ಣ ಹಚ್ಚತೊಡಗಿದರು. ನನಗೆ ತಡೆಯಲಾಗಲಿಲ್ಲ. ಯಾರಿಗೂ ಎದುರಾಗಬೇಕೆಂದು ನಾನು ಮಾತಾಡಿದ್ದಲ್ಲ. ಲೆಕ್ಕ ತಪ್ಪಿದ್ದನ್ನು ಮೇಷ್ಟರಿಗೆ ತೋರಿಸುವ ಹಾಗೆ ಬಾಯಿಂದ ಬಂದುಬಿಟ್ಟಿತು.

“ಅಟ್ಟದಲ್ಲಿ ಕಾಯೇ ಇಲ್ವಲ್ಲ? ಎಲ್ಲಾ ಇಳ್ಸಿ ಒಡ್ದಾಯ್ತಲ್ಲ?”

ಅಲ್ಲಿದ್ದ ಪ್ರತಿಯೊಬ್ಬರಿಗೂ ನಮ್ಮ ಅಟ್ಟ ಖಾಲಿಯೆಂದು ಗೊತ್ತಿತ್ತು. ಕರಟ ಒಡೆಯುವ ಸದ್ದು ಊರಿಗೆಲ್ಲ ಕೇಳಿತ್ತು, ಸಿಪ್ಪೆಯ ಗುಡ್ಡೆ ಅವರ ಕಣ್ಣೆದುರಿಗೇ ಅಂಗಳದಲ್ಲಿತ್ತು. ಅಪ್ಪ ನಕ್ಕುಬಿಟ್ಟ.

“ನೋಡ್ರಪ್ಪಾ, ನಮ್ಮನೇಲಿ ಲಾಯರಮ್ಮ ಹುಟ್ಟವ್ಳೆ. ಪಾಟೀಸವಾಲು ಮಾಡ್ತಾವ್ಳೆ.”

ಎಲ್ಲರೂ ನಕ್ಕರು. ಏನೋ ಭಾರ ಇಳಿದ ನಗು. ಅದೇ ಹೊತ್ತಿಗೆ ಅಮ್ಮ ನನ್ನ ಕೆನ್ನೆಗೆ ಬಾರಿಸಿದಳು. ಹಲ್ಲು ಬಿದ್ದ ಕಡೆಗೇ ಬಿದ್ದು ಬಾಯಿ ಮತ್ತೆ ರಕ್ತವಾಯಿತು. ಅವಳು ನನ್ನನ್ನು ಹೊಡೆದದ್ದು ಅದೊಂದೇ ಸಲ. ಅವನು ಹೊಡೆಯುವ ಮುಂಚೆ ತಾನು ಹೊಡೆದು ಮುಗಿಸಿದಳು ಎಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು. ಆ ಕ್ಷಣದಲ್ಲಿ ನನಗೆ ಅವಳ ಮೇಲೆ ಬಂದಷ್ಟು ಸಿಟ್ಟು ಅಪ್ಪನ ಮೇಲೂ ಎಂದೂ ಬಂದಿರಲಿಲ್ಲ. ಯಜಮಾನರು ಗಂಟಲು ಸರಿಮಾಡಿಕೊಂಡು ತೀರ್ಪು ಕೊಟ್ಟರು.

“ಮಗೀಗೇನ್ ಗೊತ್ತು, ಬುಡ್ರಪ್ಪ. ಎಷ್ಟು ಇಳಿಸಿದ್ರೂ ಅಟ್ಟದಲ್ಲಿ ಒಂದೋ ಎರಡೋ ಉಳ್ಕಂಡಿರ್ತವೆ. ಅದೇ ಬಿದ್ದಿರ್ತದೆ.”

ರಾಜಿಯಾಯಿತು. ಅಪ್ಪ ವಿಭೂತಿ ಗಟ್ಟಿ ಮುಟ್ಟಿ, ಹೆಂಡತಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆ ಎಂದ. ಬಂದವರಿಗೆ ಊಟ ಹಾಕದೆ ಕಳಿಸುವ ಹಾಗಿಲ್ಲವಲ್ಲ, ಅಮ್ಮ ಒಲೆಯ ಮುಂದೆ ಕೂತು ಹೂರಣ ರುಬ್ಬಿ ಒಬ್ಬಟ್ಟು ತಟ್ಟಿದಳು. ತಲೆಯ ಮೇಲೆ ಹೊಲಿಗೆ, ಎಲೆಯ ಮೇಲೆ ಹೋಳಿಗೆ. ಯಜಮಾನರು ತುಪ್ಪ ಹಾಕಿಸಿಕೊಂಡು ಉಂಡು, ಕೈರುಚಿ ಚೆನ್ನಾಗಿದೆ ಎಂದು ಹೊಗಳಿ ಎದ್ದರು. ಮಾವ ಎಲೆಯ ಮುಂದೆ ಕೂತವನು ಏನೂ ಮುಟ್ಟದೆ ಎದ್ದು ಹೋದ. ಇವತ್ತು ಕೋರ್ಟಿನಲ್ಲಿ ನನ್ನ ಕಕ್ಷಿದಾರಳಿಗೆ ಯಾರಾದರೂ ‘ಹೊಂದಿಕೊಂಡು ಹೋಗಮ್ಮ’ ಎಂದಾಗಲೆಲ್ಲ ನನ್ನ ಮೂಗಿಗೆ ಏಲಕ್ಕಿ ಹಾಕಿದ ಹೂರಣದ ವಾಸನೆ ಬಡಿಯುತ್ತದೆ. ರಾಜಿಯೇ ಬೇಡ ಅನ್ನುವವಳಲ್ಲ ನಾನು, ಎಷ್ಟೋ ಮಾಡಿಸಿದ್ದೇನೆ. ಆದರೆ ರಾಜಿ ಆದ ಮಾರನೆಯ ದಿನ ಆ ಮನೆಯಲ್ಲಿ ಏನಾಗುತ್ತದೆ ಎನ್ನುವುದನ್ನು ಮೊದಲು ಕೇಳುತ್ತೇನೆ.

ನಮ್ಮ ಮನೆಯಲ್ಲಿ ಮಾರನೆಯ ದಿನ ಆದದ್ದು ಇದು. ದೀಪ ಹಚ್ಚುವ ಹೊತ್ತಿಗೆ ಅಪ್ಪ ತೋಟದಿಂದ ಬಂದ. ಕೈಕಾಲು ತೊಳೆದು, ನನ್ನ ಜುಟ್ಟು ಹಿಡಿದು ಏಣಿಯ ಬುಡಕ್ಕೆ ಎಳೆದುಕೊಂಡು ಹೋದ. ದನಿ ಎಂದಿನಂತೆ ಮೆತ್ತಗೆ.

“ಹತ್ತು ಲಾಯರಮ್ಮ. ಮ್ಯಾಲೆ ಹೋಗಿ ಕಾಯಿ ಐತಾ ಇಲ್ವಾ ಹುಡುಕಿ ಹೇಳು. ಹುಡುಕೋಗಂಟ ಅಲ್ಲೇ ಇರು.”

ನಾನು ಹತ್ತಿದೊಡನೆ ಏಣಿ ತೆಗೆದು ಗೋಡೆಗೆ ಒರಗಿಸಿದ. ಮೇಲೆ ಕತ್ತಲು, ಮಸಿ, ವರ್ಷಗಳ ಹೊಗೆಯ ಒಗರು. ದಬ್ಬೆಗಳ ಸಂದಿಯಲ್ಲಿ ಕೆಳಗಿನ ಬೆಳಕು ಗೆರೆಗೆರೆಯಾಗಿ ಬರುತ್ತಿತ್ತು. ಹೊಟ್ಟೆಯ ಮೇಲೆ ಮಲಗಿ ಒಂದು ಸಂದಿಗೆ ಕಣ್ಣಿಟ್ಟೆ. ಮನೆಯೊಳಗೆ ನಡೆಯುವುದನ್ನು ಅದುವರೆಗೆ ನಾನು ಕಂಬದ ಮರೆಯಿಂದ, ಸೀರೆಯ ಹಿಂದಿನಿಂದ ನೋಡಿದ್ದೆ. ಅವತ್ತು ಮೇಲಿನಿಂದ ಎಲ್ಲ ಒಟ್ಟಿಗೆ ಕಂಡಿತು. ಮೊರ ಹಿಡಿದ ಅಜ್ಜಿ, ಒಲೆಯ ಮುಂದಿನಿಂದ ಏಳುತ್ತಿದ್ದ ಅಮ್ಮ, ಅವಳ ಕಡೆ ಅವಸರವಿಲ್ಲದೆ ನಡೆಯುತ್ತಿದ್ದ ಅಪ್ಪನ ನಡುನೆತ್ತಿ. ಅವನು ಅವಳ ಬ್ಯಾಂಡೇಜಿಗೇ ಕೈ ಹಾಕಿ ಕಿತ್ತ. ‘ಮಗಳಿಗೆ ಹೇಳ್ಕೊಟ್ಟು ನನ್ನ ಮಾನ ಕಳೀತೀಯಾ?’ ಎಂದು ಹೊಲಿಗೆಯ ಪಕ್ಕದ ಕೂದಲು ಹಿಡಿದು ನಡುಮನೆಯ ಉದ್ದಕ್ಕೂ ಎಳೆದ. ಅಮ್ಮ ಕೂಗಲಿಲ್ಲ. ಗೋಡೆಗೆ ಅವಳ ತಲೆ ಬಡಿದ ಸದ್ದು, ಸುಲಿಯದ ಕಾಯಿ ನೆಲಕ್ಕೆ ಬಿದ್ದ ಸದ್ದಿನಂತೆಯೇ ಇತ್ತು. ಅಜ್ಜಿ, ಅಮ್ಮ ಅದೇ ಸುಳ್ಳನ್ನು ಯಾಕೆ ಆರಿಸಿಕೊಂಡಿದ್ದರೆಂದು ನನಗೆ ಆಗ ಗೊತ್ತಾಯಿತು.

ನಾನು ಹಿಂದೆ ಸರಿದೆ. ನೋಡಲಾರದೆ ಮೂಲೆಗೆ ತೆವಳಿಕೊಂಡು ಹೋದಾಗ ಅಡ್ಡತೊಲೆಯ ಹಿಂದೆ ಕೈಗೆ ಗುಂಡಗಿನದೇನೋ ತಗುಲಿತು. ಒಂದು ಕಾಯಿ. ಇಳಿಸುವವರ ಕಣ್ಣಿಗೆ ಬೀಳದೆ ಉಳಿದುಬಿಟ್ಟದ್ದು. ನಗಬೇಡಿ, ಆ ಹೊತ್ತಿನಲ್ಲೂ ಅದನ್ನು ಎತ್ತಿ ಕಿವಿಯ ಪಕ್ಕ ಅಲ್ಲಾಡಿಸಿದೆ. ಸದ್ದಿಲ್ಲ. ಸೋರಿದ ಹೆಂಚಿನ ಕೆಳಗೆ ನೆನೆದು ಒಣಗದೆ ಉಳಿದ ಹಸಿಕಾಯಿ, ಎರಡು ಕೈಗೂ ಭಾರ. ಎದೆಗವಚಿಕೊಂಡು ಕಿಂಡಿಯ ಹತ್ತಿರ ಬಂದೆ. ನೇರ ಕೆಳಗೆ ಅಪ್ಪ ಒಂದು ಕೈಯಲ್ಲಿ ಅಮ್ಮನ ಕತ್ತು ಒತ್ತಿ ಹಿಡಿದು, ಇನ್ನೊಂದು ಕೈಯನ್ನು ಕಂಬಕ್ಕೆ ಸಿಕ್ಕಿಸಿದ್ದ ಮಚ್ಚಿನ ಕಡೆ ಚಾಚಿದ್ದ. ಅಜ್ಜಿಯ ಕೈಯಲ್ಲಿ ಮೊರ ನಿಂತುಹೋಗಿತ್ತು. ಅವಳು ತಲೆಯೆತ್ತಿ ಕಿಂಡಿಯನ್ನೇ ನೋಡುತ್ತಿದ್ದಳು. ನನ್ನನ್ನೂ, ನನ್ನ ಕೈಯಲ್ಲಿದ್ದುದನ್ನೂ ಕಂಡಳು. ಬೇಡ ಅನ್ನಲಿಲ್ಲ.

ಮಚ್ಚು ಕಂಬ ಬಿಟ್ಟು ಬರುವಷ್ಟರಲ್ಲಿ ನಾನು ಕೈಬಿಟ್ಟೆ. ಬರಿದೆ ಬಿಟ್ಟೆ ಎಂದರೆ ಸುಳ್ಳಾದೀತು, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಎಸೆದೆ. ಅಪ್ಪ ಸದ್ದಿಲ್ಲದೆ ಕುಸಿದ. ಕಿವಿಯ ಮೇಲ್ಭಾಗ ಒಡೆದು ರಕ್ತ ವಿಭೂತಿಯ ಮೇಲೆ ಇಳಿಯಿತು. ನಾನು ಮಾಡಿದ್ದಕ್ಕೆ ಇವತ್ತಿನವರೆಗೂ ಒಂದು ಗಳಿಗೆಯೂ ಪಶ್ಚಾತ್ತಾಪ ಪಟ್ಟಿಲ್ಲ. ಲಾ ಕಾಲೇಜಿನಲ್ಲಿ, ಇನ್ನೊಬ್ಬರ ಜೀವ ಉಳಿಸಲು ಕೈಯೆತ್ತುವ ಹಕ್ಕಿನ ಪಾಠ ನಡೆದಾಗ ಟಿಪ್ಪಣಿ ಬರೆದುಕೊಳ್ಳದೆ ಕೂತಿದ್ದವಳು ನಾನೊಬ್ಬಳೇ. ನನಗದು ಬಾಯಿಪಾಠವಾಗಿತ್ತು.

ಅಜ್ಜಿ ಮೊರ ಪಕ್ಕಕ್ಕಿಟ್ಟು ಎದ್ದಳು. ಮೊದಲು ಮಚ್ಚನ್ನು ತೆಗೆದು ಕಲಗಚ್ಚಿನ ಬಾನಿಯೊಳಗೆ ಹಾಕಿದಳು. ಆಮೇಲೆ ಏಣಿ ತಂದು ನನಗೆಂದು ಕಿಂಡಿಗೆ ಆನಿಸಿದಳು. ಆಮೇಲೆಯೇ ಮಗನ ಮೂಗಿನ ಹತ್ತಿರ ಬೆರಳಿಟ್ಟು ನೋಡಿ, ಅರಿಶಿನದ ಬಟ್ಟಲಿಗೆ ಕೈ ಹಾಕಿದಳು. ಸದ್ದಿಗೆ ಪಕ್ಕದ ಮನೆಯವರು ಓಡಿ ಬಂದು ಬಾಗಿಲಲ್ಲಿ ನಿಂತಾಗ ಅವಳು ತಿರುಗಿಯೂ ನೋಡದೆ ಹೇಳಿದಳು.

“ಏನಿಲ್ಲ ಕಣ್ರಪ್ಪ. ಅಟ್ಟದಿಂದ ಕಾಯಿ ಬಿತ್ತು.”

ಅವನನ್ನು ಅದೇ ಆಸ್ಪತ್ರೆಗೆ ಕರೆದುಕೊಂಡು ಹೋದವರು ಆಮೇಲೆ ಊರಿಗೆಲ್ಲ ಹೇಳಿದರು. ಎಚ್ಚರವಾದಾಗ ಡಾಕ್ಟರು ಏನಾಯಿತೆಂದು ಕೇಳಿದರಂತೆ. ಹಾಲುಹಲ್ಲು ಉದುರುತ್ತಿರುವ ಮಗಳು ಕೆಡವಿದಳು ಎಂದು ಯಾವ ಗಂಡಸು ಹೇಳಿಯಾನು? ಅಪ್ಪ ಗೋಡೆಯ ಕಡೆ ತಿರುಗಿ, ಅಟ್ಟದಿಂದ ಕಾಯಿ ಬಿತ್ತು ಅಂದನಂತೆ. ಆ ಮನೆಯವರಲ್ಲಿ ಆ ಮಾತನ್ನು ಹೇಳಿದ ಮೊದಲ ಗಂಡಸು ಅವನು.

ಅವನಿನ್ನೂ ಆಸ್ಪತ್ರೆಯಲ್ಲಿರುವಾಗಲೇ, ಮರುಬೆಳಿಗ್ಗೆ, ಅಮ್ಮ ಎರಡು ಸೀರೆ ಮತ್ತು ನನ್ನ ಬಟ್ಟೆಗಳನ್ನು ಚೀಲಕ್ಕೆ ತುಂಬಿದಳು. ಅಜ್ಜಿ ಬುತ್ತಿ ಕಟ್ಟಿಕೊಟ್ಟಳು. ‘ನೀವೂ ಬನ್ನಿ ಅತ್ತೆ’ ಎಂದಳು ಅಮ್ಮ. ಅಜ್ಜಿ ಸೀಳಿದ ಕಿವಿ ಮುಟ್ಟಿಕೊಂಡು, ‘ನನ್ನ ಅಟ್ಟ ಖಾಲಿಯಾಗಿ ಬೋ ದಿನ ಆಯ್ತು, ನೀನು ಹೋಗು’ ಎಂದಳು. ನಾವು ಜಗಲಿಗೆ ಬರುವಷ್ಟರಲ್ಲಿ ಯಜಮಾನರು ಕೋಲೂರಿಕೊಂಡು ಅಂಗಳಕ್ಕೆ ಬಂದರು. ಅಮ್ಮನ ಕೈಯ ಚೀಲ ನೋಡಿ ಅವರ ಮುಖ ಗಂಟಿಕ್ಕಿತು.

“ಇದೆಲ್ಲಿಗವ್ವ ಹೊಂಟೆ? ಗಂಡ ಆಸ್ಪತ್ರೇಲವ್ನೆ. ಮೊನ್ನೆ ತಾನೆ ರಾಜಿ ಆಗೈತೆ.”

ಅಮ್ಮ ಸೆರಗು ಸರಿಮಾಡಿಕೊಳ್ಳಲಿಲ್ಲ. ಬ್ಯಾಂಡೇಜಿಲ್ಲದ, ಹೊಲಿಗೆ ಬಿಚ್ಚಿದ ತಲೆಯನ್ನು ಬೆಳಕಿಗೆ ಹಾಗೆಯೇ ಬಿಟ್ಟು, ಜೀವನದಲ್ಲಿ ಮೊದಲ ಸಲ ಆ ಮನುಷ್ಯನ ಮುಖವನ್ನು ನೇರ ನೋಡಿದಳು.

“ಅಟ್ಟದಿಂದ ಕಾಯಿ ಬೀಳೋ ಮನೇಲಿ ಮಗೀನ ಇಟ್ಕಂಡು ಹೆಂಗಿರಲಿ ಸ್ವಾಮಿ? ನೀವೇ ಅಂದಿದ್ರಲ್ಲ, ಒಂದೋ ಎರಡೋ ಉಳ್ಕಂಡಿರ್ತವೆ ಅಂತ.”

ಅಮ್ಮ ಜಗಲಿ ಇಳಿದು, ಸಿಪ್ಪೆಯ ಗುಡ್ಡೆ ದಾಟಿ, ತಿರುಗಿ ನನಗೆ ಕೈ ಚಾಚಿದಳು.

“ಬಾರೇ ಲಾಯರಮ್ಮ, ಬಸ್ಸು ಬರೋ ಹೊತ್ತಾಯ್ತು.”